ಚೇಂಬರಿನಲ್ಲಿ ಮರೆತ ಬಟ್ಟೆ

ಬಸಣ್ಣ, ಆ ಪಿಕಪ್ಪಿನ ಎಂಜಿನ್ ಸೀಜ್ ಆಗಿ ಕೆಟ್ಟು ನಿಂತದ್ದು ನನ್ನಿಂದ. ನಿನ್ನ ಕೆಲಸ ಕಳೆದವನೂ ನಾನೇ. ಇಷ್ಟು ವರ್ಷ ಈ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ — ಬರಗೊಡಲಿಲ್ಲ ಅನ್ನುವುದೇ ಸರಿ.

ತೊಂಬತ್ತರ ದಶಕದ ಕೊನೆ. ಪುಣೆ ಹತ್ತಿರದ ಭೋಸರಿಯಲ್ಲಿ ನಾನು ಸ್ವಂತ ಗ್ಯಾರೇಜ್ ಹಾಕಿ ವರ್ಷವೂ ಆಗಿರಲಿಲ್ಲ. ನಿಮ್ಮ ಶೇಠರ ಐದು ಡೀಸೆಲ್ ಪಿಕಪ್ಪುಗಳೇ ನನ್ನ ಅನ್ನ. ನೀನು ಸವದತ್ತಿ ಕಡೆಯಿಂದ ಡ್ರೈವರ್ ಕೆಲಸಕ್ಕೆ ಬಂದು ಮೂರು ತಿಂಗಳು. ನಿನಗೆ ಮರಾಠಿ ಬಾರದು, ಕನ್ನಡದವನಾದ ನನ್ನನ್ನು ಕಂಡರೆ ಊರನ್ನೇ ಕಂಡಷ್ಟು ಖುಷಿ. ನಿನ್ನ ಗಾಡಿಯ ಆಯಿಲ್ ಸೋರುತ್ತಿತ್ತು. ಎಂಜಿನ್ನಿನ ಅಡಿಗೆ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿ, ಒರೆಸಿ, ಹೊಸ ಪ್ಯಾಕಿಂಗ್ ಹಾಕಿ ಕೊಟ್ಟೆ. ಒರೆಸಲು ನನಗೆ ಹೆಂಡತಿಯ ಹಳೆಯ ಹಸಿರು ಸೀರೆಯ ತುಂಡೇ ಬೇಕು. ಅದು ಎಳೆ ಬಿಡುವುದಿಲ್ಲ ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ.

ನಾಲ್ಕನೇ ದಿನ ನೀನು ಆ ಗಾಡಿಯನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ನೀನು ಶೇಠರನ್ನು ಕರೆತರಲು ಹೋದೆ. ನಾನು ಆಯಿಲ್ ಇಳಿಸಿದೆ — ಪೂರ್ತಿ ಇತ್ತು. ಚೇಂಬರ್ ಬಿಚ್ಚಿದೆ. ಆಯಿಲ್ ಹೀರುವ ಜಾಲರಿಗೆ ಹಸಿರು ಬಟ್ಟೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಮೇಲಕ್ಕೆ ಒಂದು ಹನಿಯೂ ಏರದೆ ಬೇರಿಂಗುಗಳು ಸುಟ್ಟಿದ್ದವು.

ಹೊರಗೆ ಶೇಠರ ಸ್ಕೂಟರ್ ನಿಂತ ಸದ್ದು. ಬಟ್ಟೆಯನ್ನು ಕಿತ್ತು ಪ್ಯಾಂಟಿನ ಜೇಬಿಗೆ ತುರುಕಿದೆ. ಇಳಿಸಿದ ಆಯಿಲನ್ನು ಮೂಲೆಯ ಬ್ಯಾರಲಿಗೆ ಸುರಿದೆ. ಎರಡು ಸಲ ಯೋಚಿಸಿದೆನೇ? ಇಲ್ಲ — ಅದನ್ನು ನೆನೆದರೇ ಇಂದಿಗೂ ಹೆದರಿಕೆಯಾಗುತ್ತದೆ.

ನೀನು ಓಡಿಬಂದು ನನ್ನ ಕೈ ಹಿಡಿದೆ. "ಅಣ್ಣಾರ, ಸಪ್ಪಳ ಬಂದ ಕೂಡ್ಲೇ ಬಂದ್ ಮಾಡೇನ್ರಿ. ಮುಂಜಾನೆ ಆಯಿಲ್ ನೋಡಿದ್ದೆ, ಭರ್ತಿ ಇತ್ರಿ. ಶೇಠರಿಗೆ ಇಷ್ಟ ತಿಳಿಸಿ ಹೇಳ್ರಿ."

ನಾನು ಶೇಠರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದೆ — ಗಾಡಿಯಲ್ಲಿ ಆಯಿಲ್ಲೇ ಇರಲಿಲ್ಲ, ಇವನು ನೋಡದೆ ಓಡಿಸಿದ್ದಾನೆ. ಜೇಬಿನಲ್ಲಿದ್ದ ಬಟ್ಟೆಯ ಎಣ್ಣೆ ತೊಡೆಗೆ ಇಳಿಯುತ್ತಿತ್ತು. ನಿನ್ನ ಮಾತನ್ನೇ ಹೇಳುತ್ತಿದ್ದೇನೆಂದು ನಂಬಿ ನೀನು ಒಂದೇ ಸಮನೆ ತಲೆಯಾಡಿಸಿದೆ — "ಹೌದ್ರಿ, ಹೌದ್ರಿ" ಎಂದು. ಶೇಠರು ಅದನ್ನು ತಪ್ಪೊಪ್ಪಿಗೆ ಎಂದುಕೊಂಡರು. ಕೀಲಿ ಕಸಿದುಕೊಂಡು ಹೊರಗೆ ಕೈ ತೋರಿಸಿದರು.

ಆಮೇಲೆ ಭೋಸರಿಯಲ್ಲಿ ಯಾರೂ ನಿನ್ನ ಕೈಗೆ ಗಾಡಿ ಕೊಡಲಿಲ್ಲ. ನೀನು ಹಮಾಲಿಗೆ ಬಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವನು ನೀನು.

ಮೊನ್ನೆ ನಿಗಡಿಯ ಬಸ್ ಸ್ಟಾಪಿನಲ್ಲಿ ಸಿಕ್ಕೆಯಲ್ಲ — ಮೂಟೆ ಹೊತ್ತು ಹೊತ್ತು ಬಲಗೈ ಎತ್ತಲಾಗುತ್ತಿರಲಿಲ್ಲ ನಿನಗೆ. ಎಡಗೈಯಲ್ಲೇ ನನ್ನನ್ನು ಹೆಂಡತಿಗೆ ತೋರಿಸಿದೆ: "ಇವ್ರ ನೋಡ, ಅವತ್ತ ಶೇಠರ ಮುಂದ ನನ್ನ ಸಲುವಾಗಿ ಭಾಳ ಹೇಳಿದ್ರು." ಆಕೆ ಕೈ ಮುಗಿದರು. ನಾನು... ನಾನೂ ಕೈ ಮುಗಿದೆ. ಥೂ ನನ್ನ ಜನ್ಮಕ್ಕೆ.

ಬಾಯಿ ಮತ್ತೆ ದಾರಿ ತಪ್ಪಬಾರದೆಂದು ಇದನ್ನು ಬರೆದಿಟ್ಟುಕೊಂಡಿದ್ದೇನೆ. ಭಾನುವಾರ ನಿಮ್ಮಿಬ್ಬರನ್ನೂ ಶೇಠರ ಮನೆಗೆ ಕರೆದೊಯ್ಯುತ್ತೇನೆ. ಮೊದಲು ಮರಾಠಿಯಲ್ಲಿ ಹೇಳುತ್ತೇನೆ, ಆಮೇಲೆ ಅದನ್ನೇ ಕನ್ನಡದಲ್ಲಿ. ನಾನು ಮಾತಾಡುವಾಗ ಈ ಸಲ ತಲೆಯಾಡಿಸಬೇಡ, ಬಸಣ್ಣ. ಪೂರ್ತಿ ಕೇಳು.