ಗಿಡ್ಡ ದನ ಮತ್ತು ನನ್ನ ತವರಿನ ಕರು

ಮದುವೆಯಾಗಿ ಬಿಜೂರಿಗೆ ಬಂದ ಹೊಸದರಲ್ಲಿ ಗಂಡನ ಮನೆಯ ಹಟ್ಟಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅಲ್ಲಿದ್ದದ್ದು ಊರ ತಳಿಯ ಒಂದು ಕಪ್ಪು ಗಿಡ್ಡ ದನ. ನನ್ನ ಸೊಂಟದೆತ್ತರ ಇದ್ದೀತು, ಅಷ್ಟೇ. ಬ್ರಹ್ಮಾವರದ ಕಡೆಯ ನನ್ನ ತವರಿನಲ್ಲಿ ಜೆರ್ಸಿ ದನಗಳು ಫ್ಯಾನಿನ ಕೆಳಗೆ, ರಬ್ಬರ್ ಮ್ಯಾಟಿನ ಮೇಲೆ ನಿಂತು ಬಕೆಟ್ಟುಗಟ್ಟಲೆ ಹಾಲು ಕೊಡುತ್ತಿದ್ದವು. ಇದು ಕೊಡುವುದು ಒಂದು ಚೆಂಬು, ಅದೂ ಮನಸ್ಸಿದ್ದರೆ.

"ಅತ್ತೆ, ಇದ್ ದನವಾ, ಆಡಾ?" ಎಂದೆ.

ಅತ್ತೆ ಹುಲ್ಲು ಹಾಕುತ್ತಲೇ, "ನೀ ಅದ್ರ ಹತ್ರವೇ ಕೇಣ್" ಎಂದರು.

ಕೆಲವು ವರ್ಷಗಳ ಮೇಲೆ ತವರಿನಿಂದ ಒಂದು ಗಬ್ಬದ ಜೆರ್ಸಿ ತಂದೆ. ಹುಡುಗಿಯಾಗಿದ್ದಾಗ ನಾನು ಹಾಲು ಕರೆಯಲು ಕಲಿತದ್ದು ಅದರ ತಾಯಿಯ ಕೆಚ್ಚಲಿನಲ್ಲಿ. ತಂದ ಜೆರ್ಸಿ ಕೆಂಪು ಹೆಣ್ಣುಗರು ಹಾಕಿ ಅದೇ ಮಧ್ಯಾಹ್ನ ಮಲಗಿದ್ದು ಮತ್ತೆ ಏಳಲಿಲ್ಲ. ಡಾಕ್ಟರು ಬಂದು ಬಾಟಲಿ ಏರಿಸಿದರೂ ಉಳಿಯಲಿಲ್ಲ. ನಾನು ಹಟ್ಟಿಯಲ್ಲೇ ಕೂತು ಕಣ್ಣೀರು ಹಾಕಿದೆ. ಇನ್ನು ಉಳಿದದ್ದು ಆ ಕರು ಒಂದೇ. ಪ್ಯಾಕೆಟ್ ಹಾಲು ಕುಡಿಸಿದರೆ ಭೇದಿ ಹತ್ತಿ ಅದರ ಕಣ್ಣು ಗುಳಿ ಬಿತ್ತು.

ಗಿಡ್ಡ ಆಗಷ್ಟೇ ಕರು ಹಾಕಿತ್ತು. "ಅದ್ರ ಕೆಚ್ಚಲಿಗೇ ಬಿಟ್ ಕಾಂಬ" ಎಂದರು ನನ್ನ ಅತ್ತೆ. ನನಗೆ ನಂಬಿಕೆ ಬರಲಿಲ್ಲ. ಸ್ವಂತ ಕರು ಬಾಯಿ ಹಾಕದೆ ಗಿಡ್ಡ ಕೆಚ್ಚಲಿಗೆ ಹಾಲು ಸೊರೆಯುವುದೇ ಇಲ್ಲ. ಅತ್ತೆಯ ಬದಲು ನಾನು ಕರೆಯಲು ಕೂತರೂ ಚೆಂಬು ಹಾರಿಸುವ ಜಾತಿ ಅದು. ಅತ್ತೆ ಮೊದಲು ಅದರದ್ದೇ ಕಪ್ಪು ಕರುವನ್ನು ಬಿಟ್ಟರು. ಹಾಲು ಇಳಿದ ಮೇಲೆ ನನ್ನ ಕೆಂಪು ಕರು ಕೆಂಪಿಯನ್ನು ಹಿಂದಿನಿಂದ ಮೆಲ್ಲ ತೂರಿಸಿದರು. ಗಿಡ್ಡ ನೆಕ್ಕಿ ಒಗ್ಗಿಕೊಳ್ಳಲೆಂದು ಕೆಂಪಿಯ ಬೆನ್ನಿಗೆ ಉಪ್ಪುನೀರು ಸವರಿದ್ದೆವು. ಗಿಡ್ಡ ಒದ್ದಿತು. ಕೆಂಪಿ ಬಿದ್ದು, ಎದ್ದು, ಮತ್ತೆ ಬಾಯಿ ಹಾಕಿತು. ದಿನ ಕಳೆದಂತೆ ಒದೆ ಕಡಿಮೆಯಾಗಿ ನೆಕ್ಕುವುದು ಶುರುವಾಯಿತು. ಕೆಂಪಿ ಬೇಗ ಎತ್ತರವಾಗಿ, ಕೆಚ್ಚಲು ಸಿಗದೆ ಮುಂಗಾಲು ಮಡಚಿ ಮಂಡಿಯೂರಿ ಕುಡಿಯತೊಡಗಿತು. ಅಷ್ಟು ಸಣ್ಣ ಒಡಲಿನಲ್ಲಿ ಇಬ್ಬರಿಗಾಗುವಷ್ಟು ಹಾಲು ಎಲ್ಲಿಂದ ಬರುತ್ತಿತ್ತೋ, ನನಗೆ ಇಂದಿಗೂ ತಿಳಿಯದು. ನಾವು ಮನೆಮಂದಿ ಕಣ್ಣು ಚಾ ಕುಡಿದೆವು. ಹಾಲು ಹಾಕದ ಚಾಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ.

ಆದರೂ ಒಂದು ಸಂಶಯ ಹೋಗಲಿಲ್ಲ. ಉಪ್ಪಿನ ಆಸೆಗೆ ನೆಕ್ಕುತ್ತಿದೆ, ನಾವು ಮಾಡುತ್ತಿರುವುದು ಮೋಸ, ಗೊತ್ತಾದ ದಿನ ಕೆಂಪಿಯನ್ನು ಒದ್ದು ಓಡಿಸುತ್ತದೆ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ನೋಡುತ್ತೇನೆ, ಹಟ್ಟಿಯಲ್ಲಿ ಎರಡೂ ಕರುಗಳಿಲ್ಲ. ಗಿಡ್ಡ ಮಾತ್ರ ಬಯಲಲ್ಲಿ ಏನೂ ಆಗದ ಹಾಗೆ ಮೇಯುತ್ತಿದೆ. ಪಕ್ಕದ ಕುರುಚಲು ಕಾಡು, ಹಾಡಿಯ ಕಡೆ ನಾಯಿಗಳ ಹಿಂಡು ತಿರುಗುತ್ತಿದ್ದ ಕಾಲ. ನಾನು ಅತ್ತೆಯನ್ನು ಕೂಗಿದೆ.

"ಹೆದ್ರಬೇಡ. ಊರ ದನ ಕರುನ ಪೊದೆಯೊಳ್ಗೆ ಅಡ್ಗ್ಸಿಟ್ಟೇ ಮೇಯುಕ್ ಹೋಪುದ್" ಎಂದರು ಅತ್ತೆ.

"ಅದ್ರ ಕರು ಅಡ್ಗ್ಸುತ್ತ್ ಅತ್ತೆ. ನನ್ ಕೆಂಪಿ?"

 ಇಬ್ಬರೂ ಹಾಡಿಗೆ ನಡೆದೆವು. ಪೊದೆ ಪೊದೆ ಬಗ್ಗಿ ನೋಡಿದೆವು. ಕೊನೆಗೆ ಒಂದು ಕೇಪಳದ ಪೊದೆಯಿಂದ ಕೆಂಪು ಕುಂಡೆಯೊಂದು ಹೊರಗೆ ಕಂಡಿತು. ಒಳಗೆ ಕಪ್ಪು ಕರು ಮುದುಡಿ ಮಲಗಿತ್ತು. ಅದರ ಪಕ್ಕ ಕೆಂಪಿ, ಮೈ ಪೂರ್ತಿ ಹಿಡಿಸದಿದ್ದರೂ, ಉಸಿರು ಬಿಗಿಹಿಡಿದು ಕದಲದೆ ಮಲಗಿತ್ತು. ಎರಡನ್ನೂ ಕರೆತಂದು ಅಡಗಿಸಿದವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ.

ನಾನು ಖುಷಿಯಲ್ಲಿ ಕೆಂಪಿಯ ಮೇಲೆ ಕೈಯಿಡಲು ಬಗ್ಗಿದೆ. ಬಯಲಿನಿಂದ ಗಿಡ್ಡ ಓಡೋಡಿ ಬಂತು. ಬಂದದ್ದೇ ನನಗೂ ಕೆಂಪಿಗೂ ನಡುವೆ ನುಗ್ಗಿ, ತಲೆ ತಗ್ಗಿಸಿ, ಗೇಣುದ್ದದ ಕೋಡುಗಳನ್ನು ನನ್ನ ಕಡೆ ತಿರುಗಿಸಿತು. ಬೆಳಿಗ್ಗೆ ಅಕ್ಕಿ ತೊಳೆದ ಅಕ್ಕಚ್ಚು ಕೊಟ್ಟವಳು ಎಂಬ ಗುರುತೂ ಆ ಕಣ್ಣಲ್ಲಿರಲಿಲ್ಲ. ನನಗೆ ಹೆದರಿಕೆಯಾಯಿತು, ಕೈ ಮುಗಿಯಬೇಕೆಂದೂ ಅನಿಸಿತು.

"ಹಿಂದ್ ಬಾ ಹೆಣೆ, ಅದ್ರ ಮಗಿನ ಮುಟ್ಟಬೇಡ" ಎಂದರು ಅತ್ತೆ.

ನಾನು ಹಿಂದೆ ಸರಿದು ನಿಂತೆ.