ಬೇರೆ ಮಾತಿಗೆ ಬರುವ ತನಕ

ದಾವಲಬಿ, ಹೊಲ ಅಳೆಯುವ ಮೋಜಣಿಯ ದಿನ ನಿನ್ನ ಅಪ್ಪ ಇಮಾಮಸಾಬನನ್ನು ಹುಣಸೆಮರದ ಕೆಳಗಿಂದ ಎಬ್ಬಿಸಿದ ಆ ಮಾತು ನನ್ನ ಬಾಯಿತಪ್ಪಿ ಬಂದದ್ದಲ್ಲ. ಬೇಕೆಂದೇ ಆಡಿದೆ. ಎಂಟು ದಿನ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ನಿಮ್ಮ ಪೈಗಂಬರರ ಬಗ್ಗೆ ಏನಂದರೆ ಅವನು ಅರೆಗಳಿಗೆಯೂ ಕೂಡದೆ ಎದ್ದು ಹೋಗುತ್ತಾನೆ ಎಂಬುದನ್ನು ಈ ತುಕ್ಕಾನಟ್ಟಿಯಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ಓದು ಬರದು, ಈ ಕಾಗದವನ್ನು ನಿನ್ನ ಗಂಡ ಓದಿ ಹೇಳಬೇಕು — ಅದು ಅವನ ಬಾಯಲ್ಲಿ ಬರುವುದು ಬೇಡ.

ನನಗೆ ಅದು ಗೊತ್ತಾದದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ನಿನ್ನ ಅಪ್ಪ ನಮ್ಮ ಗಾದಿಗಳ ಹತ್ತಿ ಹಿಂಜಲು ಬಂದಿದ್ದ. ನಾವು ನಾಲ್ಕು ಜನ ಎಲೆಅಡಿಕೆ ಹಾಕಿಕೊಂಡು ಹರಟುತ್ತಿದ್ದೆವು. ಒಬ್ಬ ನಿಮ್ಮ ಪೈಗಂಬರರನ್ನು ಹಿಡಿದು ಏನೋ ಹೊಲಸು ನಗೆಮಾತು ಆಡಿದ, ನಾವೆಲ್ಲ ನಕ್ಕೆವು. ನಿನ್ನ ಅಪ್ಪ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ ಎದ್ದ. ಅಂಗಳ ದಾಟಿ ಬೇವಿನ ಗಿಡದ ಕೆಳಗೆ ಹೋಗಿ ನಿಂತ. ನಾವು ಎತ್ತಿನ ಮಾತಿಗೆ ಬಂದೆವು. ಅವನು ತಿರುಗಿ ಬಂದು ಬಿಲ್ಲು ಹಿಡಿದ. ನನಗೆ ಸೋಜಿಗವಾಯಿತು, ಕೇಳಿಯೇಬಿಟ್ಟೆ.

"ನಮ್ಮ ಕಿತಾಬಿನ್ಯಾಗ ಹಂಗ ಐತ್ರಿ ಗೌಡ್ರ," ಎಂದ. "ದೀನ-ಧರ್ಮದ ಮಾತು ಹಿಡದು ನಗಿ ಮಾಡಾಕತ್ರ ಅಲ್ಲಿ ಕೂಡಬ್ಯಾಡ್ರಿ ಅಂತ. ಬ್ಯಾರೆ ಮಾತಿಗೆ ಬಂದ್ರ ಮತ್ತ ಬಂದು ಕೂಡಾಕ ಅಡ್ಡಿ ಇಲ್ರಿ."

"ಸಿಟ್ಟ ಬರೂದಿಲ್ಲೇನೋ?"

"ಬರತೈತ್ರಿ. ಯಾಕ ಬರೂದಿಲ್ಲ. ಆದ್ರ ಪೈಗಂಬರರಿಗೇ ಒಂದೂರಾಗ ಕಲ್ಲ ಹೊಡದು ರಕ್ತಾ ಹರಿಸಿದ್ರಂತ. ಅವರು ಆ ಮಂದಿ ಸಲವಾಗಿ ದುವಾ ಕೇಳಿದ್ರು. ನಾ ಎಷ್ಟರಾಂವ್ರಿ, ಎದ್ದ ಹೋಗೂದಷ್ಟ ನನ್ನ ಕೈಯಾಗಿಂದು."

ಒಳ್ಳೆಯವನಾಗಿದ್ದರೆ ಅಲ್ಲಿಗೆ ತಲೆತಗ್ಗಿಸುತ್ತಿದ್ದೆ. ನಾನು ಒಳ್ಳೆಯವನಾಗಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅದನ್ನೊಂದು ಆಟ ಮಾಡಿಕೊಂಡೆ. ಆ ಸುಗ್ಗಿಯಿಡೀ ನಮಗೆ ಅದೇ ಮೋಜು — ಒಂದು ಮಾತು ಒಗೆಯುವುದು, ಅವನು ಏಳುವುದು. ಎತ್ತಿನ ಮಾತು ಎತ್ತುವುದು, ಅವನು ಬಂದು ಕೂಡುವುದು. ಮತ್ತೆ ಒಗೆಯುವುದು. ಒಮ್ಮೆ ಅವನು ರೊಟ್ಟಿ ಬಿಚ್ಚಿ ಮೊದಲ ತುತ್ತು ಎತ್ತಿದಾಗಲೇ ಅಂದೆ. ತುತ್ತನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. ನಾವು ಆ ಮಾತನ್ನು ಬಿಡಲೇ ಇಲ್ಲ, ಅವನು ಅಂದು ಉಣ್ಣಲೇ ಇಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ನಾಲ್ಕು ದಿನ ನನ್ನ ತಾಟನ್ನು ಹೊಸ್ತಿಲಲ್ಲಿಟ್ಟು ಒಳಗೆ ಹೋಗುತ್ತಿದ್ದಳು, ನಾನು ಲೆಕ್ಕಿಸಲಿಲ್ಲ.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಆಗಿದ್ದರೂ ಪಾಪವೇ. ಆದರೆ ಆಟದಲ್ಲಿ ಕಲಿತದ್ದು ಕೆಲಸಕ್ಕೂ ಬರುತ್ತದೆ ಎಂದು ನನ್ನ ತಲೆಗೆ ಹೊಳೆಯಿತು.

ನನ್ನ ಹೊಲದ ಮೂಡಣ ತುದಿಗೆ ಹತ್ತಿದ ತುಂಡು ನೆಲದಲ್ಲಿ ನಿಮ್ಮವರ ಏಳೆಂಟು ಗೋರಿಗಳಿದ್ದವು. ನಿನ್ನ ತಾಯಿ ಚಾಂದಬಿಯದು ಎಲ್ಲಕ್ಕಿಂತ ಹೊಸದು. ಹೆಸರು ಕೆತ್ತಿದ ಕಲ್ಲುಗಳಲ್ಲ, ತಲೆಗೊಂದು ಕಾಲಿಗೊಂದು ಕಾಡುಗಲ್ಲು. ಧುಪದಾಳದ ಅಣೆಕಟ್ಟೆಯಿಂದ ಬರುವ ಕಾಲುವೆಯ ನೀರು ಆ ತುದಿಗೇ ಮೊದಲು ಮುಟ್ಟುತ್ತಿತ್ತು. ಸತ್ತವರಿಗೆ ನೀರಾವರಿ ಯಾಕೆ ಎಂದು ನಾನು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದೆ, ನಾಚಿಕೆಗೆಟ್ಟವನು. ಅಷ್ಟರಲ್ಲಿ ಹೊಲಗಳ ಗಡಿ ಅಳೆಯಲು ಮೋಜಣಿ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನಿನ್ನ ಅಪ್ಪ ಯಾರದೋ ಮದುವೆಯ ಗಾದಿಗಳಿಗೆಂದು ಎಂಟು ದಿನ ಹುಕ್ಕೇರಿಗೆ ಹೋಗಿದ್ದ. ಹಾಡುಹಗಲಲ್ಲೇ ಕಲ್ಲುಗಳನ್ನೆಲ್ಲ ಕಿತ್ತು ಕಾಲುವೆಯ ಬದಿಯ ಹೊಸ ಒಡ್ಡಿನಲ್ಲಿ ಕೂಡಿಸಿದೆ. ನಿಮ್ಮವರ ಉಳಿದ ಎರಡು ಮನೆಯವರು ಗೋಕಾಕಕ್ಕೆ ಹೋಗಿ ವರ್ಷಗಳಾಗಿದ್ದವು. ಕೇಳುವವರು ಯಾರಿದ್ದರು?

ನಿನ್ನ ಅಪ್ಪ ತಿರುಗಿ ಬಂದು ನೋಡಿದ. ಕೂಗಾಡಲಿಲ್ಲ. "ಸಾಹೇಬ್ರು ಬರ್ತಾರಲ್ರಿ, ಅವರ ಮುಂದ ಹೆಜ್ಜಿ ಹಾಕಿ ತೋರಸ್ತೇನಿ. ನನಗ ಅಂಗುಲ ಅಂಗುಲ ಗೊತ್ತೈತಿ," ಎಂದ. ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು.

ಆ ದಿನ ನೀನೂ ಇದ್ದಿ, ಘಟಪ್ರಭಾದ ಗಂಡನ ಮನೆಯಿಂದ ಬಂದಿದ್ದಿ. ಸಾಹೇಬರು ಹುಣಸೆಮರದ ಕೆಳಗೆ ಮಂಚದ ಮೇಲೆ ನಕಾಶೆ ಹರವಿಕೊಂಡು ಅಳತೆಯ ಸರಪಳಿ ಹಿಡಿದವರಿಗೆ ಏನೋ ಹೇಳುತ್ತಿದ್ದರು. ನಾನು ನಿನ್ನ ಅಪ್ಪನಿಗೆ ನೀರಿನ ತಂಬಿಗೆ ಕೊಡುವವನಂತೆ ಬಾಗಿ, ನಗುನಗುತ್ತ, ಅವನ ಕಿವಿಗೆ ಆ ಮಾತು ಹಾಕಿದೆ. ಅವನು ನನ್ನನ್ನು ನೋಡಿದ. ಆಮೇಲೆ ಗೋರಿಗಳಿದ್ದ ಕಡೆ ನೋಡಿದ — ಈ ಸಲ ಏಳಲಿಕ್ಕಿಲ್ಲ, ಹೆಂಡತಿಯ ಸಲುವಾಗಿ ನುಂಗಿಕೊಂಡಾನು ಎಂದು ಒಂದು ಗಳಿಗೆ ನನಗೆ ಹೆದರಿಕೆಯಾಯಿತು. ಎದ್ದ. ಬದುವಿನ ತನಕ ಹೋಗಿ ನಿಂತ.

"ಅಂವಾ ಎಲ್ಲಿ ಹ್ವಾದ?" ಎಂದರು ಸಾಹೇಬರು.

"ಸುಳ್ಳ ಹೇಳಾಕ ಬಂದಿದ್ನರಿ. ತಮ್ಮ ಮುಂದ ಬಾಯಿ ಬರವಲ್ದು," ಎಂದೆ.

ತಿರುಗಿ ಬಂದ. ಮತ್ತೆ ಅಂದೆ. ಮತ್ತೆ ಹೋದ. ಮೂರನೆಯ ಸಲ ನಿನ್ನ ಕಿವಿಗೂ ಬಿತ್ತು. ನೀನು ಉರಿದೆದ್ದು ನನ್ನ ದೇವರನ್ನು ಬೈಯಲು ಬಾಯಿ ತೆರೆದಿ. ಅವನು ಓಡಿಬಂದು ನಿನ್ನ ಬಾಯಿ ಮುಚ್ಚಿದ. "ಅವರ ದೇವರಿಗೆ ಅನಬ್ಯಾಡವಾ, ಅದು ನಮಗ ಹರಾಮ," ಎಂದ. ಬೈಸಿಕೊಂಡವಳು ನೀನು! ನನಗೆ ಅವನು ಒಂದು ಮಾತೂ ಅನ್ನಲಿಲ್ಲ. ಜಗಳ ಬೆಳೆದೀತೆಂದು ಸಾಹೇಬರು ಬೇಸತ್ತು, ಕಲ್ಲು ಕಾಣದ ಕಡೆ ನಾನು ಹೇಳಿದಲ್ಲೇ ಗಡಿಯ ಗೆರೆ ಎಳೆದು, ಮುಂದಿನ ಊರಿಗೆ ಹೊರಟರು. ಮರುವಾರ ನಾನು ಅಲ್ಲಿ ನೇಗಿಲು ಹೂಡಿದೆ. ಮಣ್ಣು ಮೆತ್ತಗಿತ್ತು.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅವನು ಕಡೆಯ ಸಲ ನನ್ನ ಹತ್ತಿರ ಬಂದದ್ದು ಕೆಮ್ಮು ಹತ್ತಿ ಸೊರಗಿದ ಮೇಲೆ, ನೀನು ಅವನನ್ನು ನಿನ್ನ ಮನೆಗೆ ಕರೆದೊಯ್ಯುವ ಮೊದಲು. ನಾನು ಹೊಲದಲ್ಲಿ ಹಗ್ಗ ಹೊಸೆಯುತ್ತಿದ್ದೆ.

"ಹೊಲಾ ನಿಮ್ಮದ ಇರ್ಲಿ ಗೌಡ್ರ," ಎಂದ. "ನಾ ಹೋದ ಮ್ಯಾಲ ನನ್ನ ಚಾಂದಬಿ ಬಾಜೂಕ ಆರು ಮೊಳ ಜಾಗಾ ಕೊಡ್ರಿ. ಕಲ್ಲ ಹಾಕೂದಿಲ್ಲ. ನೀವು ಮ್ಯಾಲ ಬಿತ್ತಿಕೊಳ್ರಿ."

ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನುವುದಕ್ಕೂ ಮುಖ ಬೇಕು. ನಾನು ಆ ಹಳೆಯ ಮಾತನ್ನೇ ಆಡಿದೆ. ಎದ್ದ, ಬದುವಿಗೆ ಹೋಗಿ ನಿಂತ, ಕೆಮ್ಮುತ್ತ ಕಾದ. ನಾನು ಬೇರೆ ಏನಾದರೂ ಅಂದರೆ ಬರುತ್ತಿದ್ದ — ಈ ಸಲ ಜೋಳ ಚೆನ್ನಾಗಿದೆ ಎಂದರೆ ಸಾಕಿತ್ತು, ಎತ್ತನ್ನು ಹೋ ಎಂದು ಕರೆದಿದ್ದರೂ ಸಾಕಿತ್ತು. ಅದು ನನಗೆ ಗೊತ್ತಿತ್ತು, ದಾವಲಬಿ. ಹಗ್ಗ ಹೊಸೆಯುತ್ತ ಕುಳಿತೆ, ತುಟಿ ಬಿಚ್ಚಲಿಲ್ಲ. ಬಹಳ ಹೊತ್ತು ನಿಂತಿದ್ದು ಹೋದ. ಆ ಚಳಿಗಾಲದಲ್ಲೇ ಘಟಪ್ರಭಾದಲ್ಲಿ ತೀರಿಕೊಂಡನೆಂದು ಕೇಳಿದೆ.

ಮರುವರ್ಷ ನೀನು ಬಂದಿ. ನನ್ನ ಮೇಲೆ ಹರಿಹಾಯುತ್ತೀ ಎಂದು ಕಾದಿದ್ದೆ. ನೀನು ಸೆರಗು ಹೊದ್ದು ಅಂಗಳದಲ್ಲಿ ನಿಂತು, "ಕಾಕಾ, ನಮ್ಮವ್ವನ ಜಾಗಾ ಎಲ್ಲೈತಿ ತೋರಸ್ರಿ. ಫಾತೇಹಾ ಓದಿ ಹೋಗತೇನಿ, ಬ್ಯಾರೆ ಏನೂ ಕೇಳೂದಿಲ್ಲ," ಎಂದಿ. ಹೊಲದಲ್ಲಿ ಕಬ್ಬು ಎದೆಯುದ್ದ ನಿಂತಿತ್ತು. ನಾನು ನಿನ್ನನ್ನು ಬಾವಿಯ ಆಚೆಯ ಬರಿಯ ನೆಲಕ್ಕೆ ಕರೆದೊಯ್ದು ಬೆರಳು ಮಾಡಿ ತೋರಿಸಿದೆ. ನೀನು ಅಲ್ಲಿ ಕುಳಿತು ಸತ್ತವರಿಗಾಗಿ ಓದುವ ಆ ಪ್ರಾರ್ಥನೆಯನ್ನು ಬಾಯಿಪಾಠ ಹೇಳಿದಿ, ನೆಲಕ್ಕೆ ಕೆನ್ನೆ ಹಚ್ಚಿ ಅತ್ತಿ. ಏಳುವಾಗ, "ಇಷ್ಟರೆ ಮಾಡಿದ್ರಿ ಕಾಕಾ, ದೇವರು ನಿಮಗ ಚೊಲೋ ಮಾಡ್ಲಿ," ಎಂದಿ. ಅಂದಿನಿಂದ ವರ್ಷ ತಪ್ಪದೆ ಬರುತ್ತಿ, ಮಲ್ಲಿಗೆ ತರುತ್ತಿ. ಹೋದ ವರ್ಷ ಮೊಮ್ಮಗಳನ್ನೂ ಕರೆತಂದು ಅಲ್ಲಿ ತಲೆಬಾಗಿಸಿದಿ.

ನಾನು ಅಂದು ಆ ಜಾಗ ತೋರಿಸಿದ್ದು ನನ್ನ ಕಬ್ಬು ತುಳಿದೀಯೆಂದು. ಅದು ನಮ್ಮ ಹಳೆಯ ತಿಪ್ಪೆಗುಂಡಿ ಮುಚ್ಚಿದ ನೆಲ. ಅಲ್ಲಿ ಸಗಣಿಯ ಹೊರತು ಏನೂ ಹೂತಿಲ್ಲ. ಖರೆ ಜಾಗ ತೋರಿಸಬೇಕೆಂದು ಈ ವರ್ಷ ಕಬ್ಬು ಕಡಿಸಿ, ಮೂರು ದಿನ ಮೂಡಣ ತುದಿಯಲ್ಲಿ ತಿರುಗಿದೆ. ಒಡ್ಡಿನ ಕಲ್ಲುಗಳನ್ನು ಮುಟ್ಟಿಮುಟ್ಟಿ ನೋಡಿದೆ — ಯಾವುದು ಎಲ್ಲಿಯದು ಎಂದು ಒಂದೂ ನೆನಪಾಗಲಿಲ್ಲ. ಇನ್ನು ಮುಂದೆ ಆ ಗುಂಡಿಯ ಮೇಲೆ ಕೂಡಬೇಡ ತಾಯಿ. ಚಾಂದಬಿ ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ.