ನಾನು ಹೊಗಳಿದ ಎಣ್ಣೆ

2022ರಲ್ಲಿ ನಾನು ಉಡುಪಿಯ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಿಂದ ನಿವೃತ್ತಳಾಗಿ ಕಾಪುವಿನಲ್ಲಿ ಸಣ್ಣದೊಂದು ಕ್ಲಿನಿಕ್ ತೆರೆದಿದ್ದೆ. ಹೆದ್ದಾರಿ ಬದಿಯ ಹಳೆಯ ಕಟ್ಟಡ, ಕೆಳಗೆ ಬೇಕರಿ, ಮೇಲೆ ನಾನು. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಇಪ್ಪತ್ತೊಂಬತ್ತು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ದುಡಿದಿದ್ದೇನೆ, ಇನ್ನು ಮೇಲೆ ತುರಿಕೆ, ಮೊಡವೆ, ಉದುರುವ ಕೂದಲು ಇಷ್ಟನ್ನೇ ನೋಡಿಕೊಂಡು ನೆಮ್ಮದಿಯಾಗಿರಬಹುದು ಎಂದುಕೊಂಡಿದ್ದೆ. ಆದರೆ ಕೈಚೆಲ್ಲಿ ಕೂರುವಂತೆ ಮಾಡಿದ ಪ್ರಕರಣ ಬಂದದ್ದು ನಿವೃತ್ತಿಯ ನಂತರವೇ. ಅದರಲ್ಲಿ ನನ್ನ ಪಾಲೂ ಇತ್ತು.

ಆ ವರ್ಷದ ನವೆಂಬರಿನಲ್ಲಿ ಊರಿನ ಮಹಿಳಾ ಸಂಘದವರು ಭಾಷಣಕ್ಕೆ ಕರೆದರು. ವಿಷಯ ಅವರೇ ಆರಿಸಿದ್ದು: ಚರ್ಮಕ್ಕೆ ವಯಸ್ಸಾಗುವುದು ಹೇಗೆ, ಅದನ್ನು ನೈಸರ್ಗಿಕವಾಗಿ ಕಾಪಾಡಿಕೊಳ್ಳುವುದು ಹೇಗೆ. ಸುಮಾರು ಅರವತ್ತು ಮಂದಿ ಬಂದಿದ್ದರು. ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಅದರ ಒಳಪದರದ ಕೊಲಾಜೆನ್ ಎಂಬ ಪ್ರೋಟೀನು. ವಯಸ್ಸಾದಂತೆ ಅದು ತಾನಾಗಿಯೇ ಕಡಿಮೆಯಾಗುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ ಹಾಳಾಗುತ್ತದೆ. ಮೋಡ ಕವಿದ ದಿನವೂ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ನಮ್ಮನ್ನು ಬಿಡುವುದಿಲ್ಲ. ಇದನ್ನೆಲ್ಲ ಹೇಳಿ, ಪ್ರತಿಯೊಬ್ಬರೂ ತಮ್ಮ ಮುಂಗೈಯ ಚರ್ಮವನ್ನು ತೋಳಿನ ಒಳಭಾಗದ ಚರ್ಮದೊಂದಿಗೆ ಹೋಲಿಸಿ ನೋಡುವಂತೆ ಮಾಡಿದೆ. ಒಂದೇ ಮೈಯಲ್ಲಿ ಎರಡು ವಯಸ್ಸು ಕಂಡು ಎಲ್ಲರಿಗೂ ಆಶ್ಚರ್ಯವಾಯಿತು. ಅದು ನನ್ನ ಹಳೆಯ ಉಪಾಯ, ಎಲ್ಲಿ ಮಾಡಿದರೂ ಸಭೆ ನನ್ನ ಕೈಗೆ ಬರುತ್ತದೆ.

ನೈಸರ್ಗಿಕ ಉಪಾಯ ಎಂತದು ಎಂದು ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಹತ್ತರಿಂದ ನಾಲ್ಕರವರೆಗಿನ ಬಿಸಿಲು ತಪ್ಪಿಸಿ, ಕೊಡೆ ಹಿಡಿಯಿರಿ, ಸೋಪು ಕಡಿಮೆ ಬಳಸಿ, ಸ್ನಾನವಾದ ಮೇಲೆ ಮೈ ಪೂರ್ತಿ ಒಣಗುವ ಮೊದಲೇ ಕೈಕಾಲಿಗೆ ತೆಂಗಿನೆಣ್ಣೆ ಹಚ್ಚಿ, ಹಣ್ಣು ತರಕಾರಿ ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ. ಒಬ್ಬರೂ ಬರೆದುಕೊಳ್ಳಲಿಲ್ಲ. ವಾಟ್ಸ್ಯಾಪಿನಲ್ಲಿ ಬರುವ ಕಡಲೆಹಿಟ್ಟು, ಮೊಸರು, ನಿಂಬೆರಸದ ಮುಂದೆ ನನ್ನ ಕೊಡೆ ಯಾವ ಲೆಕ್ಕದ್ದು? ಆಗ ಮುಂದಿನ ಸಾಲಿನಲ್ಲಿದ್ದ ನಫೀಸಾ ಎದ್ದು, ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

ನಫೀಸಾರಿಗೆ ಆಗ ನಲವತ್ತೈದು. ಗಂಡನಿಗೆ ಗಲ್ಫಿನಲ್ಲಿ ಅಂಗಡಿ. ಕಾಪುವಿನ ಮನೆಯಲ್ಲಿ ಅತ್ತೆಯನ್ನೂ ಮಕ್ಕಳನ್ನೂ ಬ್ಯಾರಿ ಭಾಷೆಯಲ್ಲಿ ಗದರಿಸುತ್ತ, ಹೊರಗಿನವರೊಡನೆ ಶುದ್ಧ ಕನ್ನಡ ಮಾತಾಡುತ್ತ, ಇಡೀ ಬೀದಿಗೆ ಬೇಕಾದವರಾಗಿ ಬದುಕಿದ್ದವರು. ಹಿಂದೆ ಉಡುಪಿಯಲ್ಲಿ ನನ್ನ ರೋಗಿಯೂ ಆಗಿದ್ದರು. ಬಾಟಲಿಯಲ್ಲಿದ್ದದ್ದು ಅವರೇ ಕಾಸಿದ ಮುಖದ ಎಣ್ಣೆ. ಏನೇನು ಹಾಕಿದ್ದೀರಿ ಎಂದು ಮೈಕಿನಲ್ಲೇ ಕೇಳಿದೆ. ತೆಂಗಿನೆಣ್ಣೆ, ಕಸ್ತೂರಿ ಅರಶಿನ, ಲೋಳೆಸರ, ಇಷ್ಟೇ ಎಂದರು. ಮೂಸಿ ನೋಡಿದೆ, ಒಂದು ಹನಿ ಕೈಗೆ ಹಚ್ಚಿ ತಿಕ್ಕಿದೆ. ಅಂಗಡಿಯ ಬಿಳಿ ಮಾಡುವ ಕ್ರೀಮುಗಳಿಗಿಂತ ಇದು ಸಾವಿರ ಪಾಲು ಮೇಲು, ಇದರಿಂದ ಯಾರಿಗೂ ಹಾನಿಯಿಲ್ಲ ಎಂದು ಅರವತ್ತು ಜನರೆದುರು ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಊರಿನ ಹೆಂಗಸರು ನಫೀಸಾರಿಂದ ಆ ಎಣ್ಣೆ ಒಯ್ಯತೊಡಗಿದರು. ಒಂದು ವರ್ಷ ಏನೂ ಆಗಲಿಲ್ಲ. 2024ರ ಜನವರಿಯಿಂದ ಒಬ್ಬೊಬ್ಬರಾಗಿ ಬರತೊಡಗಿದರು. ಕೆನ್ನೆ ಕೆಂಪು, ಬಿಸಿಲು ತಾಗಿದರೆ ಉರಿ, ಚರ್ಮ ತೆಳ್ಳಗಾಗಿ ಒಳಗಿನ ಸಣ್ಣ ರಕ್ತನಾಳಗಳು ಕಾಣುತ್ತಿವೆ, ಗಲ್ಲದ ಮೇಲೆ ಕೂದಲು. ಏಪ್ರಿಲ್ ಹೊತ್ತಿಗೆ ಒಂಬತ್ತು ಮಂದಿಯಾದರು. ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಆಗುವ ಹಾನಿ ಇದು. ಮೊದಲ ಕೆಲವು ತಿಂಗಳು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ, ಎಲ್ಲರೂ ಹೊಗಳುತ್ತಾರೆ. ಒಳಗೆ ಚರ್ಮ ಸವೆಯುತ್ತಿರುತ್ತದೆ, ಇಪ್ಪತ್ತು ವರ್ಷದ ಮುಪ್ಪು ಎರಡೇ ವರ್ಷದಲ್ಲಿ ಬರುತ್ತದೆ. ಯಾವ ಕ್ರೀಮು ಹಚ್ಚಿದ್ದೀರಿ ಎಂದು ಒಬ್ಬೊಬ್ಬರನ್ನೂ ಪೊಲೀಸರ ಹಾಗೆ ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ: ಏನೂ ಇಲ್ಲ, ನೀವೇ ಒಳ್ಳೆಯದು ಎಂದ ಎಣ್ಣೆ ಮಾತ್ರ. ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ನಾಲ್ಕು ತಿಂಗಳು ಹಾಗೆಯೇ ಅಂದುಕೊಂಡಿದ್ದೆ ಎನ್ನುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹತ್ತನೆಯವಳಾಗಿ ಬಂದವಳು ಶಾಂತವ್ವ. ಕೊಪ್ಪಳದ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಗಂಡನೊಂದಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಕಾಪುವಿನ ಒಂದು ಬಾಡಿಗೆ ಕೋಣೆಯಲ್ಲಿ ವಾಸ, ಕೆಲಸ ಅಲೆವೂರಿನಲ್ಲೋ ಮಣಿಪಾಲದಲ್ಲೋ ಎಲ್ಲಿ ಕರೆದರೆ ಅಲ್ಲಿ. ನೋಡಿದಾಗ ಐವತ್ತೈದರ ಮೇಲೆ ಎಂದು ಅಂದಾಜು ಮಾಡಿದೆ. ಆಧಾರ್ ಕಾರ್ಡಿನ ಪ್ರಕಾರ ಮೂವತ್ತೊಂಬತ್ತು. ಸೀರೆಯ ಸೆರಗು ಸರಿಸಿ ತೋಳಿನ ಒಳಭಾಗ ನೋಡಿದರೆ ಅಲ್ಲಿ ಮೂವತ್ತೊಂಬತ್ತೇ ಇತ್ತು, ನಯವಾದ ಚರ್ಮ. ಮುಖವನ್ನು ಬಿಸಿಲು, ಸಿಮೆಂಟಿನ ಧೂಳು ತಿಂದಿತ್ತು. ಅದರ ಮೇಲೆ ಈ ಹೊಸ ಕೆಂಪು, ಕಣ್ಣಿನ ಸುತ್ತ ಸಿಗರೇಟಿನ ಕಾಗದದಷ್ಟು ತೆಳುವಾದ ಚರ್ಮ.

ಸುಕ್ಕು ಹೋಗಲೆಂದು ಇವಳೂ ಅದೇ ಎಣ್ಣೆ ಹಚ್ಚುತ್ತಿದ್ದಳಂತೆ. ಈ ವಯಸ್ಸಿನಲ್ಲಿ ಮುಖದ ಸುಕ್ಕಿನ ಚಿಂತೆ ಯಾಕಮ್ಮ ಎಂದು ತಮಾಷೆಯಾಗಿ ಕೇಳಿದೆ. ಆಕೆ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

"ಮುಂಜಾನೆ ಬಸ್ ಸ್ಟ್ಯಾಂಡಿನ್ಯಾಗ ಸಾಲಾಗಿ ನಿಂತಿರ್ತೀವ್ರಿ ಬಾಯಾರ. ಮೇಸ್ತ್ರಿ ಮುಖ ನೋಡಿ ಕರೀತಾನ. ಮುದುಕಿ ಕಂಡ್ರ ಬುಟ್ಟಿ ಹೊರಾಕ ಆಗಂಗಿಲ್ಲ ಅಂತ ಬಿಟ್ಟು ಹೋಗ್ತಾನ್ರಿ."

2022ರಲ್ಲಿ ವಾರಕ್ಕೆ ಮೂರು ದಿನ ಹಾಗೆ ಬಿಟ್ಟುಹೋಗುತ್ತಿದ್ದರಂತೆ. ಆಕೆಯ ಗಂಡನಿಗೆ ಸೊಂಟ ಬಿದ್ದು ಕೆಲಸ ನಿಂತಿತ್ತು, ಮನೆ ನಡೆಯುತ್ತಿದ್ದದ್ದು ಇವಳ ಕೂಲಿಯಿಂದಲೇ. ಆಗ ನಫೀಸಾರ ಮನೆಯ ತಾರಸಿ ಗಾರೆ ಕೆಲಸಕ್ಕೆ ಹೋಗಿದ್ದಳು. ನಫೀಸಾ ಕನಿಕರಪಟ್ಟು ಒಂದು ಬಾಟಲಿ ಎಣ್ಣೆಯನ್ನು ಸುಮ್ಮನೆ ಕೊಟ್ಟರು, ಮುಗಿದ ಹಾಗೆ ಮತ್ತೆ ಕೊಟ್ಟರು. ಎರಡು ತಿಂಗಳಲ್ಲಿ ಮುಖ ತಿಳಿಯಾಯಿತು. ಮೇಸ್ತ್ರಿ ಕರೆಯತೊಡಗಿದ. ಒಂದು ವರ್ಷ ಒಂದು ದಿನವೂ ಕೆಲಸ ತಪ್ಪಲಿಲ್ಲ. ಹಾಗಾಗಿ ಆಕೆ ದಿನಕ್ಕೆ ಎರಡು ಸಲ, ಸುಕ್ಕು ಹೆಚ್ಚಿದ್ದ ಕಣ್ಣಿನ ಸುತ್ತ ಮೂರು ಸಲ ಹಚ್ಚುತ್ತಿದ್ದಳು.

ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂಬುದು ಆಗ ತಲೆಗೆ ಹೋಯಿತು. ಅದೇ ದಿನ ನಫೀಸಾರಿಗೆ ಫೋನ್ ಮಾಡಿ, ಎಣ್ಣೆ ಕಾಸುವಾಗ ಬಳಸುವ ಎಲ್ಲವನ್ನೂ ಹಿಡಿದುಕೊಂಡು ಬನ್ನಿ ಎಂದೆ. ಬಂದರು. ತೆಂಗಿನೆಣ್ಣೆ, ಅರಶಿನ, ಲೋಳೆಸರದ ಎಲೆ ಮೇಜಿನ ಮೇಲೆ ಸಾಲಾಗಿಟ್ಟರು. ಇಷ್ಟೇಯಾ ಎಂದೆ. ಇಷ್ಟೇ ಎಂದರು. ಬೇರೆ ಏನಾದರೂ, ಒಂದು ಚೂರಾದರೂ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಚೀಲದ ತಳದಿಂದ ಒಂದು ಟ್ಯೂಬ್ ತೆಗೆದರು. ಕ್ಲೊಬೆಟಾಸಾಲ್ ಮುಲಾಮು. ಹಚ್ಚುವ ಸ್ಟಿರಾಯ್ಡುಗಳಲ್ಲೇ ಅತಿ ಪ್ರಬಲವಾದದ್ದು, ಮುಖಕ್ಕೆ ಹಚ್ಚಲೇಬಾರದ್ದು. ಐದು ವರ್ಷಗಳ ಹಿಂದೆ ಅವರ ಅಂಗೈ ಒಡೆದು ತುರಿಸುತ್ತಿದ್ದಾಗ ಎರಡು ವಾರಕ್ಕೆಂದು ಬರೆದುಕೊಟ್ಟವಳು ನಾನೇ.

"ಬರೀ ಎಣ್ಣೆಯಲ್ಲಿ ಗುಣ ಸ್ವಲ್ಪ ಕಡಿಮೆ ಅಂತ ಇದನ್ನು ಹಾಕಿದ್ದು. ಇಂಗ್ಲಿಷ್ ಮದ್ದು ಉಷ್ಣ ಅಲ್ವಾ ಡಾಕ್ಟ್ರೇ, ತೆಂಗಿನೆಣ್ಣೆಯಲ್ಲಿ ಬೆರೆಸಿದರೆ ತಂಪಾಗ್ತದೆ. ಬೇರೆ ಎಂತ ಕೆಮಿಕಲ್ಲೂ ಹಾಕಲಿಲ್ಲ, ನೀವು ಕೊಟ್ಟದ್ದೇ."

ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿಮ್ಮದೇ ಮದ್ದು ನಿಮಗೆ ಹೇಳುವುದು ಎಂತಕ್ಕೆ ಎಂದರು. ಅದರಲ್ಲಿ ಕಪಟವಿರಲಿಲ್ಲ. ಒಂದು ಬಾಟಲಿಗೆ ಎರಡು ಟ್ಯೂಬ್ ಹಾಕುತ್ತಿದ್ದರು. ಐದು ವರ್ಷದ ಹಿಂದಿನ ನನ್ನ ಚೀಟಿಯ ಫೋಟೋ ಅವರ ಮೊಬೈಲಿನಲ್ಲಿತ್ತು. ಅದನ್ನು ತೋರಿಸಿದರೆ ಯಾವ ಔಷಧದ ಅಂಗಡಿಯವರೂ ಕೊಡುತ್ತಿದ್ದರು, ಕೆಳಗೆ ನನ್ನ ಸಹಿ ಇತ್ತಲ್ಲ. ರೇಗಬೇಕೆಂದು ಅವರ ಮುಖ ನೋಡಿದೆ. ಅವರೂ ತಮ್ಮ ಮುಖಕ್ಕೆ ಅದನ್ನೇ ಹಚ್ಚುತ್ತಿದ್ದರು, ಕೆನ್ನೆಗಳು ಕೆಂಪಾಗಿದ್ದವು.

ಹತ್ತೂ ಮಂದಿಗೆ, ನಫೀಸಾರಿಗೂ, ಎಣ್ಣೆ ನಿಲ್ಲಿಸಲು ಹೇಳಿದೆ. ಸ್ಟಿರಾಯ್ಡ್ ನಿಲ್ಲಿಸಿದರೆ ಮುಖ ಮೊದಲು ಇನ್ನಷ್ಟು ಕೆರಳುತ್ತದೆ, ಊದುತ್ತದೆ, ಕೀವಿನ ಗುಳ್ಳೆ ಏಳುತ್ತದೆ. ಇದಕ್ಕೆ ಸ್ಟಿರಾಯ್ಡ್ ಇಲ್ಲದ ಮುಲಾಮು, ಮಾತ್ರೆ ಉಂಟು, ಆದರೆ ಮುಖ್ಯ ಮದ್ದು ಕಾಯುವುದು, ಮೂರು ತಿಂಗಳು, ಆರು ತಿಂಗಳು. ಮನೆಯಲ್ಲಿರುವ ಹೆಂಗಸರು ಹೇಗೋ ಕಾದರು. ಶಾಂತವ್ವನಿಗೆ ಬಿಸಿಲಿಗೆ ಹೋಗಬೇಡ ಎನ್ನಬೇಕಿತ್ತು. ವೃತ್ತಿಯುದ್ದಕ್ಕೂ ಸಾವಿರಾರು ಜನಕ್ಕೆ ಹೇಳಿದ ಮಾತು ಅದು, ಆದರೆ ಅವಳ ಕೂಲಿ ಇದ್ದದ್ದೇ ಬಿಸಿಲಿನಲ್ಲಿ. ಸನ್‌ಸ್ಕ್ರೀನ್ ಟ್ಯೂಬ್ ಕೊಟ್ಟು ಮೂರು ಗಂಟೆಗೊಮ್ಮೆ ಹಚ್ಚು ಎಂದೆ. ಬೆವರಿಗೆ ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದೆ ಎಂದಳು. ಅದೂ ನಿಜವೇ.

ಎರಡನೇ ಭೇಟಿ ಮೇ ತಿಂಗಳಲ್ಲಿ. ಮುಖ ಊದಿಕೊಂಡಿತ್ತು. ಮೂರು ವಾರದಿಂದ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಏಳುವಾಗ ಬಲಬದಿಯಲ್ಲಿದ್ದ ತೂಕದ ಯಂತ್ರಕ್ಕೆ ಎಡವಿದಳು. ಚೀಟಿಯನ್ನು ಬಲಗಡೆಯಿಂದ ಚಾಚಿದೆ, ಅದು ಅವಳಿಗೆ ಕಾಣಲಿಲ್ಲ. ಇತ್ತೀಚೆಗೆ ಹೀಗೆ ತಾಗುತ್ತದೆಯೇ ಎಂದು ಕೇಳಿದೆ. ಕೆಲಸವಿದ್ದಾಗ ಕಟ್ಟಡದ ಸಾರವೆಯ ಮೇಲೆ ಎರಡು ಸಲ ಹೆಜ್ಜೆ ತಪ್ಪಿತ್ತು, ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಎಂದಳು. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳುವಾದದ್ದು. ಅಲ್ಲಿ ಹಚ್ಚಿದ ಸ್ಟಿರಾಯ್ಡ್ ಕಣ್ಣಿನೊಳಗೆ ಇಳಿದು, ಕೆಲವರಲ್ಲಿ ಒಳಗಿನ ಒತ್ತಡ ಏರಿಸುತ್ತದೆ. ಆ ಒತ್ತಡ ದೃಷ್ಟಿಯ ನರವನ್ನು ಅಂಚಿನಿಂದ ಕೊಲ್ಲುತ್ತ ಬರುತ್ತದೆ. ಅದಕ್ಕೆ ಗ್ಲಾಕೋಮಾ ಎನ್ನುತ್ತಾರೆ. ನೋವಿರುವುದಿಲ್ಲ. ನೇರ ನೋಟ ಕೊನೆಯವರೆಗೂ ಉಳಿಯುವುದರಿಂದ ರೋಗಿಗೆ ಗೊತ್ತಾಗುವುದೇ ಇಲ್ಲ. ಇದು ನನಗೆ ಗೊತ್ತಿದ್ದ ವಿಷಯ. ಮೊದಲ ದಿನವೇ ಕಣ್ಣಿನ ಬಗ್ಗೆ ಕೇಳಬೇಕಿತ್ತು, ಕೇಳಿರಲಿಲ್ಲ.

ಮಣಿಪಾಲದಲ್ಲಿ ನೇತ್ರತಜ್ಞೆಯಾಗಿದ್ದ ನನ್ನ ಹಳೆಯ ಸಹಪಾಠಿಗೆ ಫೋನ್ ಮಾಡಿದೆ. ನಫೀಸಾ ತಾವೇ ಜೊತೆಗೆ ಹೋಗುತ್ತೇನೆಂದು ಹಠ ಹಿಡಿದು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಕಣ್ಣಿನ ಒತ್ತಡ ಇಪ್ಪತ್ತೊಂದರ ಒಳಗಿರಬೇಕು. ಶಾಂತವ್ವನ ಎಡಗಣ್ಣಿನಲ್ಲಿ ಮೂವತ್ತನಾಲ್ಕು, ಬಲಗಣ್ಣಿನಲ್ಲಿ ನಲವತ್ತೆರಡು ಇತ್ತು. ಬಲಗಣ್ಣಿನ ನೋಟ ಮುಕ್ಕಾಲು ಪಾಲು ಹೋಗಿತ್ತು, ಎಡದ್ದು ಅಂಚಿನಲ್ಲಿ ಹೋಗತೊಡಗಿತ್ತು. ಹೋದದ್ದು ವಾಪಸು ಬರುವುದಿಲ್ಲ, ದಿನಾ ಡ್ರಾಪ್ಸ್ ಹಾಕಿ ಉಳಿದದ್ದನ್ನು ಹಿಡಿದಿಡಲು ನೋಡೋಣ ಎಂದು ಸಹಪಾಠಿ ಹೇಳಿದಳು.

ಸಂಘದ ಸಭಾಂಗಣದಲ್ಲಿ ಇನ್ನೊಂದು ಸಭೆ ಕರೆಸಿ, ನಾನು ಅಂದು ಹೇಳಿದ್ದು ತಪ್ಪು ಎಂದು ಹೇಳಿದೆ. ಹನ್ನೊಂದು ಮಂದಿ ಬಂದಿದ್ದರು. ಎಲ್ಲವನ್ನೂ ಕೇಳಿದ ಮೇಲೆ ಒಬ್ಬರು, ಹಾಗಾದರೆ ಮುಖಕ್ಕೆ ಬೇರೆ ಎಂತ ಹಚ್ಚುವುದು ಎಂದು ವಿಚಾರಿಸಿದರು. ನಫೀಸಾ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಶಾಂತವ್ವನಿಗೆ ಕೂತು ಮಾಡುವ ಕೆಲಸ ಕೊಡಿಸಲು ಅವರು ಶಂಕರಪುರದಲ್ಲಿ ಮಲ್ಲಿಗೆ ಹೂ ಕಟ್ಟುವ ಪರಿಚಯದವರ ಮನೆಗೂ ಕರೆದುಕೊಂಡು ಹೋಗಿದ್ದರು. ಮಲ್ಲಿಗೆ ಕಟ್ಟುವವರ ಬೆರಳಿನ ವೇಗ ಚಿಕ್ಕಂದಿನಿಂದ ಬಂದದ್ದು. ಅವರು ಒಂದು ಇಡೀ ಚೆಂಡು ಹೂ ಮುಗಿಸುವಷ್ಟರಲ್ಲಿ ಶಾಂತವ್ವ ಒಂದು ಮೊಳವನ್ನೂ ಕಟ್ಟುತ್ತಿರಲಿಲ್ಲ. ಎರಡು ವಾರಕ್ಕೆ ಬಿಟ್ಟಳು.

ಜೂನ್ ಮೊದಲ ವಾರ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಮುಚ್ಚಿಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ. ಆ ಎಣ್ಣೆಯಲ್ಲಿದ್ದದ್ದು ನಾನು ಬರೆದುಕೊಟ್ಟ ಮದ್ದು, ಅದು ಒಳ್ಳೆಯದೆಂದು ಸಭೆಯಲ್ಲಿ ಹೇಳಿದವಳೂ ನಾನೇ, ನಿನ್ನ ಕಣ್ಣು ಹೋದದ್ದು ಅದರಿಂದ ಎಂದು ಬಿಡಿಸಿ ಹೇಳಿದೆ. ನಫೀಸಾ ಅಳತೊಡಗಿದರು. ಶಾಂತವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಆಕೆ ನಫೀಸಾರ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಿರಿಸಿ, ನನ್ನ ಕಡೆಗೆ ಮುಖವನ್ನು ಪೂರ್ತಿ ತಿರುಗಿಸಿದಳು. ಈಗ ಹಾಗೆ ತಿರುಗಿದರೇ ಅವಳಿಗೆ ಜನ ಕಾಣುವುದು.

"ಕಣ್ಣ ಹೋಗಿದ್ದು ನನಗಷ್ಟ ಗೊತ್ತೈತ್ರಿ ಬಾಯಾರ, ಮೇಸ್ತ್ರಿಗೆ ಕಾಣಂಗಿಲ್ಲ. ಮುಖ ಕೆಟ್ಟಿದ್ದು ಅವಗ ಕಾಣತೈತಿ. ಆ ಎಣ್ಣಿ ಇನ್ನೊಂದ್ ನಾಕ ತಿಂಗಳ ಹಚ್ಚಿಕೊಳ್ಳಲೇನ್ರಿ?"

ಈ ಪ್ರಕರಣದಿಂದ ನಾನು ಕಲಿತದ್ದನ್ನು ಕಿರಿಯ ವೈದ್ಯರಿಗೆ ಹೇಳುತ್ತಿರುತ್ತೇನೆ. ರೋಗಿ ಇಷ್ಟೇ ಎಂದ ಮೇಲೂ ಬೇರೆ ಏನು ಎಂದು ಇನ್ನೊಂದು ಸಲ ಕೇಳಿ. ನೀವೇ ಕೊಟ್ಟ ಮದ್ದು ಈಗ ಎಲ್ಲಿದೆ ಎಂದೂ ಕೇಳಿ. ಚೀಟಿಯಲ್ಲಿ ಎರಡೇ ವಾರ ಎಂದು ದೊಡ್ಡದಾಗಿ ಬರೆಯಿರಿ. ಮೈಕು ಕೈಗೆ ಸಿಕ್ಕಾಗ ಬಾಯಿಗೆ ಬಂದದ್ದನ್ನು ಹೊಗಳಬೇಡಿ. ಇಷ್ಟು ಹೇಳಿಕೊಡಲು ಬರುತ್ತದೆ.

ಶಾಂತವ್ವನಿಗೆ ಅಂದು ಬೇಡ ಎಂದು ಹೇಳಿದೆ. ಆಯ್ತು ಎಂಬಂತೆ ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಮತ್ತೆ ಏನು ಮಾಡಲಿ ಎಂದು ಆಕೆ ಕೇಳಲಿಲ್ಲ.